ಮುಳ್ಳು ಚುಚ್ಚಿದ್ದು ತಿಳಿಯದ ಕೈ

ದಸರೆ ಕಳೆದು ಮಳೆ ಪೂರಾ ಹೊಳವಾದ ಮೇಲೆ ಗುಲಾಬಿಯನ್ನು ಕತ್ತರಿಸಬೇಕು. ಹಳೆಯ ಕಡ್ಡಿಗಳನ್ನು ಗೇಣೆತ್ತರಕ್ಕೆ ಇಳಿಸಿ, ಕುಂಡದ ಮೇಲ್ಮಣ್ಣು ಕೆದಕಿ ತೆಗೆದು, ಬೇರಿಗೆ ಎರಡು ದಿನ ಬಿಸಿಲು ತೋರಿಸಿ, ಆಮೇಲೆ ಹಳೆ ಸಗಣಿ ಗೊಬ್ಬರ, ಹಿಂಡಿ, ತರಗೆಲೆಯ ಪುಡಿ ಹಾಕಿ ಮುಚ್ಚಬೇಕು. ಆ ವರ್ಷವೂ ನಾನು ಅದೇ ಕೆಲಸದಲ್ಲಿದ್ದೆ. ಹೊಸನಗರದಲ್ಲಿ ಶಾಲೆಯ ಹಿಂದಿನ ಬೀದಿಯಲ್ಲಿ ನಮ್ಮ ಬಾಡಿಗೆ ಮನೆ. ನಮ್ಮ ಮನೆಯವರು ಶಾಲೆಯಲ್ಲಿ ಮೇಷ್ಟರು. ಜಗಲಿಯ ಮುಂದೆ ಏಳು ಗಿಡಗಳಿದ್ದವು. ಎರಡು ಮಣ್ಣಿನ ಕುಂಡದಲ್ಲಿ, ಐದು ತಳಕ್ಕೆ ತೂತು ಹೊಡೆದ ಸೀಮೆಎಣ್ಣೆ ಡಬ್ಬಗಳಲ್ಲಿ. ಮೊದಲನೆಯದನ್ನು ನಾನು ಮದುವೆಯಾಗಿ ಬರುವಾಗ ಸಾಗರದ ತವರಿನಿಂದ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಉಳಿದವೆಲ್ಲ ಅದರ ಕಡ್ಡಿಯಿಂದಲೇ ಆದವು.

ನಮ್ಮದು ಜೈನರ ಮನೆ. ಚಿಗುರಿಗೆ ಹೇನು ಹತ್ತಿದಾಗ ಹೊಗೆಸೊಪ್ಪಿನ ನೀರು ಚಿಮುಕಿಸಿ ಎಂದು ಊರವರೆಲ್ಲ ಹೇಳುತ್ತಿದ್ದರು. ಅತ್ತೆ ಬಿಡುತ್ತಿರಲಿಲ್ಲ. ಮೆತ್ತನೆಯ ಕುಂಚದಿಂದ ಹೇನುಗಳನ್ನು ಒಂದು ಬಾಳೆಲೆಯ ತುಂಡಿನ ಮೇಲೆ ಉದುರಿಸಿಕೊಂಡು ಬೇಲಿಯಾಚೆಯ ಕಾಡುಗಿಡದ ಮೇಲೆ ಬಿಟ್ಟು ಬರಬೇಕು. ಮೂರು ದಿನಕ್ಕೆ ಅವು ಮತ್ತೆ ಹಾಜರು. "ಅವಕ್ಕೂ ಹೊಟ್ಟೆ ಇದೆ" ಎನ್ನುತ್ತಿದ್ದರು ಅತ್ತೆ.

ಆ ದಿನ ಅತ್ತೆ ಜಗಲಿಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ನಾನು ನಾಲ್ಕನೆಯ ಡಬ್ಬದ ಹತ್ತಿರ ಬಗ್ಗಿದ್ದೆ.

"ಸುಮತಿ, ಕೈ ನೋಡ್ಕೊಳೇ."

"ಎಂತ ಅತ್ತೆ?"

"ರಕ್ತ ಸೋರ್ತಿದೆ. ಸೆರಗಿಗೆಲ್ಲ ಹತ್ತಿದೆ. ಗೊತ್ತಾಗ್ಲಿಲ್ವನೇ ನಿಂಗೆ?"

ಎಡಗೈಯ ಕಿರುಬೆರಳಿನ ಬುಡದಲ್ಲಿ ಮುಳ್ಳು ಆಳಕ್ಕೆ ಇಳಿದು ಮುರಿದಿತ್ತು. ನಾನು ಅದನ್ನು ಹಿಡಿದು ಎಳೆದೆ. ಬಂತು. ಅದರ ಹಿಂದೆ ರಕ್ತ ಬಂತು. ನೋವು ಮಾತ್ರ ಬರಲಿಲ್ಲ.

"ಗೊತ್ತಾಯ್ತು ಅತ್ತೆ, ಕೆಲಸ ಮುಗಿಸಿ ತೆಗೆಯೋಣ ಅಂತಿದ್ದೆ" ಎಂದೆ. ಅದು ನಾನು ಹೇಳಿದ ಮೊದಲ ಸುಳ್ಳು.

ಅಡುಗೆಮನೆಗೆ ಹೋಗಿ, ಗೋಡೆಗೆ ಸಿಕ್ಕಿಸಿದ್ದ ಸೂಜಿ ತೆಗೆದು ಆ ಬೆರಳಿಗೆ ಚುಚ್ಚಿಕೊಂಡೆ. ಪಕ್ಕದ ಬೆರಳಿಗೂ ಚುಚ್ಚಿಕೊಂಡೆ. ಆಮೇಲೆ ತೋಳಿನ ಕಡೆ ನೋಡಿದೆ. ಮೊಳಕೈಯ ಕೆಳಗೆ, ಒಳಮಗ್ಗುಲಲ್ಲಿ, ಶ್ರಾವಣದಿಂದ ಒಂದು ಮಸುಕು ಮಚ್ಚೆ ಇತ್ತು, ವೀಳ್ಯದೆಲೆಯಷ್ಟು ಅಗಲ. ಮಳೆಗಾಲದ ತೇವಕ್ಕೆ ಬಂದ ಸಿಬ್ಬು ಎಂದು ಬೇವಿನೆಣ್ಣೆ ಹಚ್ಚುತ್ತಿದ್ದೆ. ಅದರ ನಡುವೆ ಸೂಜಿ ಒತ್ತಿದೆ. ಚರ್ಮ ಒಳಗೆ ಹೋಗಿದ್ದು ಕಣ್ಣಿಗೆ ಕಂಡಿತು, ಅಷ್ಟೆ.

ಆ ರೋಗದ ಹೆಸರು ನನಗೆ ಗೊತ್ತಿತ್ತು. ತೀರ್ಥಹಳ್ಳಿಯಲ್ಲಿ ತುಂಗೆಯ ಮೆಟ್ಟಿಲುಗಳ ಮೇಲೆ ಬಟ್ಟೆ ಹಾಸಿ ಬೆರಳಿಲ್ಲದ ಕೈ ಚಾಚಿ ಕೂರುವವರನ್ನು ನೋಡಿದ್ದೆ. ಚಿಕ್ಕವಳಿದ್ದಾಗ ಅಮ್ಮ ನನ್ನ ಮುಖವನ್ನು ಆಚೆಗೆ ತಿರುಗಿಸಿ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ಮನೆಯಲ್ಲಿ ಅದರ ಹೆಸರು ಹೇಳುತ್ತಿರಲಿಲ್ಲ, 'ದೊಡ್ಡ ರೋಗ' ಎನ್ನುತ್ತಿದ್ದರು.

ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ರವಿಕೆಯ ತೋಳನ್ನು ಉದ್ದ ಹೊಲಿಸಿಕೊಂಡೆ. ನಾಲ್ಕು ವರ್ಷದ ಮಗಳು ವಿಮಲ ಎತ್ತಿಕೊ ಎಂದು ಬಂದರೆ ಒಲೆಯ ಕಡೆ ಹೋಗುತ್ತಿದ್ದೆ, ಬಾವಿಯ ಕಡೆ ಹೋಗುತ್ತಿದ್ದೆ. ಅವಳು ಅಜ್ಜಿಯ ಹತ್ತಿರ ದೂರು ಹೇಳಿದಳು: "ಅಮ್ಮಂಗೆ ಯಾವಾಗ್ಲೂ ಕೆಲ್ಸ." ಈಗ ಯಾರಾದರೂ ಇದನ್ನು ಓದುತ್ತ ತಮ್ಮ ಸೀರೆಯ ಸೆರಗನ್ನು ತೋಳಿನ ಮೇಲೆ ಎಳೆದುಕೊಳ್ಳುತ್ತಿದ್ದರೆ ಅವರಿಗೆ ಹೇಳುವುದು ಒಂದೇ. ಆ ಎರಡು ತಿಂಗಳು ನನಗೆ ಬೇಕಾಗಿರಲಿಲ್ಲ. ನಾನು ಮುಂಚೆಯೇ ಹೋಗಿದ್ದರೆ ನನ್ನ ಕಿರುಬೆರಳು ಇವತ್ತು ನೆಟ್ಟಗಿರುತ್ತಿತ್ತು.

ಗುಟ್ಟು ಬಯಲಾದದ್ದು ಹಾಲಿನ ಪಾತ್ರೆಯಿಂದ. ಒಲೆಯಿಂದ ಇಳಿಸುವಾಗ ಪಾತ್ರೆಯ ಕಂಠಕ್ಕೆ ಬೆರಳು ತಾಗಿಸಿಕೊಂಡೇ ನಿಂತಿದ್ದೆ. ನಮ್ಮ ಮನೆಯವರು ನೀರು ಕುಡಿಯಲು ಒಳಗೆ ಬಂದವರು ಓಡಿಬಂದು ನನ್ನ ಕೈ ಕಿತ್ತರು. ಎರಡು ಬೆರಳಿನ ಚರ್ಮ ಉಬ್ಬಿತ್ತು. ಅವರು ನನ್ನ ಮುಖ ನೋಡಿದರು. ನಾನು ಕಿರುಚಿರಲಿಲ್ಲ.

"ಯಾವಾಗಿಂದ?" ಎಂದು ಕೇಳಿದರು.

ತೋಳು ಮೇಲೆ ಮಾಡಿ ತೋರಿಸಿದೆ. ಅವರು ಮಣೆಯ ಮೇಲೆ ಕೂತುಬಿಟ್ಟರು. "ಇಲ್ಲಿ ತೋರ್ಸೋದು ಬೇಡ. ಆಸ್ಪತ್ರೆ ಕಾಂಪೌಂಡರ್ ಮಗಳು ನನ್ನ ಕ್ಲಾಸಲ್ಲಿದಾಳೆ. ತೀರ್ಥಹಳ್ಳಿಗೆ ಹೋಗೋಣ" ಎಂದರು. ನನ್ನ ಕಣ್ಣು ತೋರಿಸಲು ಹೋಗುವುದೆಂದು ಅತ್ತೆಯ ಹತ್ತಿರ ಹೇಳಿದೆವು.

ಯುದ್ಧದ ಕಾಲ. ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದವು. ಹಿಂದೆ ದೊಡ್ಡ ಡ್ರಮ್ಮಿನಲ್ಲಿ ಬೆಂಕಿ, ಕ್ಲೀನರ್ ಕೂತು ಗಾಳಿಯೂದುವ ಚಕ್ರ ತಿರುಗಿಸಬೇಕು. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ತೀರ್ಥಹಳ್ಳಿ ತಲುಪುವ ಹೊತ್ತಿಗೆ ಮೂಗಿನ ತುಂಬ ಮಸಿ.

ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ವಿಚಾರಿಸಿದಳು. "ನಿಮಗೆ ಎಂತ ಆಗಿದ್ದು?"

"ಕಣ್ಣು."

ಅವಳು ಬಗ್ಗಿ ನನ್ನ ಎರಡೂ ಕಣ್ಣು ನೋಡಿದಳು. "ಕೆಂಪಗೆ ಇಲ್ವಲ್ಲ ಮಾರಾಯ್ತಿ?"

"ಒಳಗೆ" ಎಂದೆ. ಅವಳು ಸರಿ ಎನ್ನುವಂತೆ ತಲೆಯಾಡಿಸಿದಳು. ಆದರೆ ಆಮೇಲೂ ನನ್ನನ್ನೇ ನೋಡುತ್ತಿದ್ದಳು. ನಾನು ಎಡಗೈಯನ್ನು ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡೇ ಎರಡು ಗಂಟೆ ಕೂತಿದ್ದೆ.

ಡಾಕ್ಟರು ತಲೆ ನರೆತ, ಮಾತು ಕಡಿಮೆಯ ಮನುಷ್ಯ. ಒಂದು ಹಕ್ಕಿಯ ಗರಿ ತೆಗೆದುಕೊಂಡರು. "ಕಣ್ಣು ಮುಚ್ಚಿ. ನಾನು ಮುಟ್ಟಿದ ಕಡೆ ಬೆರಳಿಟ್ಟು ತೋರಿಸ್ಬೇಕು. ಅಷ್ಟೇ ಕೆಲಸ."

ಕಣ್ಣು ಮುಚ್ಚಿದೆ. ಕೊರಳ ಹತ್ತಿರ ಮುಟ್ಟಿದರು, ತೋರಿಸಿದೆ. ಬಲಗೈ ಮುಟ್ಟಿದರು, ತೋರಿಸಿದೆ. ಎಡ ಭುಜ, ತೋರಿಸಿದೆ. ಆಮೇಲೆ ಏನೂ ಇಲ್ಲ. ಅವರು ಗರಿ ಇಟ್ಟು ಬೇರೇನೋ ಹುಡುಕುತ್ತಿರಬೇಕು ಎಂದುಕೊಂಡೆ. ಹೊರಗೆ ಯಾರೋ ಕೆಮ್ಮುತ್ತಿದ್ದರು. ಕಾಯ್ದೆ. ನಮ್ಮ ಮನೆಯವರು ಉಸಿರೆಳೆದುಕೊಂಡ ಸದ್ದು ಕೇಳಿ ತಡೆಯಲಾರದೆ ಕಣ್ಣು ಬಿಟ್ಟೆ. ಗರಿ ನನ್ನ ತೋಳಿನ ಮೇಲೆಯೇ ಆಡುತ್ತಿತ್ತು.

"ಇದು ಏನು ಅಂತ ನಿಮಗೆ ಗೊತ್ತಿದೆ ಅನ್ಸುತ್ತೆ" ಎಂದರು ಡಾಕ್ಟರು.

"ಗೊತ್ತು."

"ನೀವು ತಿಳ್ಕೊಂಡಿರೋದ್ರಲ್ಲಿ ಅರ್ಧಕ್ಕರ್ಧ ಸುಳ್ಳು. ಎಲ್ಲರ ಕೈಕಾಲೂ ಹೋಗಲ್ಲ. ಬೇಗ ಬಂದೋರಿಗೆ ಅಲ್ಲಿಗೇ ನಿಲ್ಲೋದು ಉಂಟು."

ನಾನು ನನ್ನ ವಿಷಯ ಕೇಳಲಿಲ್ಲ. "ಮಗು ಇದೆ, ನಾಲ್ಕು ವರ್ಷ" ಎಂದೆ.

ಅವರು ಗರಿಯನ್ನು ಕೆಳಗಿಟ್ಟರು. ನನಗೆ ಅದೇ ಹೆಚ್ಚು ಹೆದರಿಕೆಯಾಯಿತು. "ಕರ್ಕೊಂಡು ಬನ್ನಿ, ನೋಡೋಣ. ಒಂದು ಸಲ ನೋಡಿದ್ರೆ ಸಾಲದು, ಮೂರು ತಿಂಗಳಿಗೊಮ್ಮೆ ನೋಡ್ತಿರ್ಬೇಕು. ನಿಮ್ಮ ಹಾಸಿಗೆ, ತಟ್ಟೆ, ಬಟ್ಟೆ ಬೇರೆ ಇರ್ಲಿ. ಮಗುನ ಎತ್ಕೊಳ್ಳೋದು, ಮುದ್ದು ಮಾಡೋದು ಸದ್ಯಕ್ಕೆ ಬೇಡ. ನಾನು ಹೇಳೋವರೆಗೆ."

ಕೈಗೆ ಯಾವ ಯಾವ ಕೆಲಸ ಎಂದು ವಿಚಾರಿಸಿದರು. ಹೇಳಿದೆ. "ಗುಲಾಬಿ ಇದೆ. ಬಿಟ್ಬಿಡ್ಬೇಕಾ?" ಎಂದು ಕೇಳಿದೆ. ಅಂಥ ಹೊತ್ತಿನಲ್ಲಿ ಅದನ್ನು ಯಾಕೆ ಕೇಳಿದೆನೋ ಗೊತ್ತಿಲ್ಲ.

ಅವರು ಬರೆಯುವುದನ್ನು ನಿಲ್ಲಿಸಿದರು. "ಬಿಡೋದು ಬೇಡ. ಆದ್ರೆ ಇನ್ಮೇಲೆ ಕೈ ಮಾಡ್ತಿದ್ದ ಕಾವಲು ಕಣ್ಣು ಮಾಡ್ಬೇಕು. ಬಟ್ಟೆ ಸುತ್ಕೊಂಡು ಕೆಲಸ ಮಾಡಿ. ಗಿಡ ಮುಟ್ಟಿದ ಮೇಲೆ ಬೆಳಕಲ್ಲಿ ಕೂತು ಒಂದೊಂದು ಬೆರಳೂ ನೋಡ್ಕೊಳಿ. ಮುಳ್ಳು ಒಳಗೇ ಉಳಿದು ಕೀವಾದ್ರೆ ಬೆರಳು ಹೋಗೋದು ಅದ್ರಿಂದ."

ಅತ್ತೆಗೆ ಅಂದೇ ಸಂಜೆ ಹೇಳಿದೆವು. ಅವರು ಎದ್ದು ಹೋಗಿ ಜಪಮಾಲೆ ಹಿಡಿದು ಕೂತರು. ಮಾರನೆಯ ದಿನವೂ ಮಾತಿಲ್ಲ, ಅದರ ಮಾರನೆಯ ದಿನವೂ ಇಲ್ಲ. ವಿಮಲಳ ಹಾಸಿಗೆಯನ್ನು ಮಾತ್ರ ತಮ್ಮ ಕೋಣೆಗೆ ತೆಗೆದುಕೊಂಡು ಹೋದರು. ನಾನು ಹಿತ್ತಿಲ ಕಡೆಯ ಕಿರುಕೋಣೆಗೆ ಹೋದೆ. ಅತ್ತೆಯ ಆ ಮೌನದಷ್ಟು ನನ್ನನ್ನು ಡಾಕ್ಟರ ಮಾತೂ ಹೆದರಿಸಿರಲಿಲ್ಲ.

ಐದನೆಯ ದಿನ ಊಟದ ಹೊತ್ತಿಗೆ ನಮ್ಮ ಮನೆಯವರು ನೆಲ ನೋಡುತ್ತ ಹೇಳಿದರು. "ಸಾಗರಕ್ಕೆ ಬರೆದಿದ್ದೆ. ಅವಳ ಅಣ್ಣನಿಂದ ಕಾಗದ ಬಂದಿದೆ. ಈಗ ಕಳಿಸೋದು ಬೇಡ, ಮನೇಲಿ ಹೆಣ್ಣುಮಕ್ಕಳ ಮದುವೆ ಆಗ್ಬೇಕು ಅಂತ ಬರೆದಿದಾನೆ. ಬೇರೆ ಎಲ್ಲಾದ್ರೂ ಒಂದು ಕೋಣೆ ನೋಡ್ಬೇಕು."

ಅಣ್ಣನಿಗೆ ಬರೆದ ವಿಷಯವೇ ನನಗೆ ಗೊತ್ತಿರಲಿಲ್ಲ. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

ಅತ್ತೆ ಮಗನ ತಟ್ಟೆಗೆ ಸಾರು ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ಕೇಳಿದರು. "ಡಾಕ್ಟ್ರು ಅವಳನ್ನ ಮನೆಯಿಂದ ಆಚೆ ಕಳ್ಸಿ ಅಂದ್ರಾ?"

"ಹಾಗೇನೂ ಹೇಳ್ಲಿಲ್ಲ."

"ಮತ್ತೆ ನೀನು ಯಾವಾಗ ಡಾಕ್ಟ್ರಾದೆ?"

ಅತ್ತೆ ಸಾರು ಬಡಿಸಿ, "ಬೇರೆ ತಟ್ಟೆ ಅಂದ್ರು, ಇಟ್ಟಿದೀನಿ. ಬೇರೆ ಕೋಣೆ ಅಂದ್ರು, ಆಯ್ತು. ಗುರುವಾರ ಸೂಜಿ ಮದ್ದು ಅಂದ್ರು, ಹೋಗ್ಲಿ. ಅವರು ಹೇಳದೇ ಇದ್ದದ್ದನ್ನ ಈ ಮನೇಲಿ ಯಾರೂ ಮಾಡೋದು ಬೇಡ" ಎಂದರು. ಗಂಡನ ಮೇಲೆ ನನಗೆ ಆ ದಿನ ಬಂದ ಸಿಟ್ಟು ಇಳಿಯಲು ವರ್ಷಗಳೇ ಬೇಕಾದವು. ಹೆದರಿದವರು ಏನೇನೋ ಮಾಡುತ್ತಾರೆ. ನಾನೂ ಎರಡು ತಿಂಗಳು ಮುಚ್ಚಿಟ್ಟಿದ್ದೆನಲ್ಲ.

ಗುರುವಾರ ಗುರುವಾರ ತೀರ್ಥಹಳ್ಳಿ. ಮೂರು ತಿಂಗಳಿಗೊಮ್ಮೆ ವಿಮಲಳನ್ನೂ ಅವಳ ಅಪ್ಪ ಕರೆತರುತ್ತಿದ್ದರು, ಡಾಕ್ಟರು ಮೈಯೆಲ್ಲ ನೋಡಿ ಏನೂ ಇಲ್ಲ ಎನ್ನುತ್ತಿದ್ದರು. ಮದ್ದು ಗರುಡಫಲದ ಎಣ್ಣೆ. ನಮ್ಮ ಘಟ್ಟದ ಕಾಡಿನಲ್ಲೇ ಬೆಳೆಯುವ ಮರದ ಕಾಯಿಯಿಂದ ತೆಗೆದದ್ದು ಎಂದು ಡಾಕ್ಟರು ಹೇಳಿದರು. ದಪ್ಪ ಸೂಜಿ, ಮಂದ ಎಣ್ಣೆ. ಒಳಗೆ ಇಳಿಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಆ ಜಾಗ ಗಂಟು ಕಟ್ಟಿ ಭಾನುವಾರದವರೆಗೂ ಮಗ್ಗುಲು ಹಾಕಿ ಮಲಗಲು ಆಗುತ್ತಿರಲಿಲ್ಲ. ಜ್ವರ ಬರುತ್ತಿತ್ತು. ಸೋಮವಾರ ಸ್ವಲ್ಪ ಮನುಷ್ಯಳಾಗುವ ಹೊತ್ತಿಗೆ ಮತ್ತೆ ಗುರುವಾರದ ದಿಗಿಲು ಶುರು.

ಒಂದು ಗುರುವಾರ ದಾರಿಯಲ್ಲಿ ಬಸ್ಸು ನಿಂತುಹೋಯಿತು. ಇದ್ದಿಲು ಒದ್ದೆಯಾಗಿ ಬೆಂಕಿ ಹತ್ತಲಿಲ್ಲ. ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಮರಗಳ ನೆತ್ತಿಯಿಂದ ಬಿಸಿಲು ಜಾರುವುದನ್ನು ನೋಡುತ್ತ, ಇವತ್ತು ಉಪವಾಸವೇ ಎಂದುಕೊಂಡೆ. ಮನೆ ಮುಟ್ಟಿದಾಗ ಮುಸ್ಸಂಜೆ ಕಳೆದಿತ್ತು. ಅತ್ತೆ ಜಗಲಿಯಲ್ಲಿ ಕೂತಿದ್ದರು. ಒಳಗೆ ನನ್ನ ತಟ್ಟೆ ಮುಚ್ಚಿಟ್ಟಿತ್ತು. ಪಕ್ಕದಲ್ಲಿ ಅವರ ತಟ್ಟೆಯೂ ಹಾಗೆಯೇ ಇತ್ತು.

"ನೀವ್ಯಾಕೆ ಉಣ್ಲಿಲ್ಲ ಅತ್ತೆ?"

"ನೀನು ಬರ್ತೀಯ ಅಂತ ನೋಡ್ತಾ ನೋಡ್ತಾ ಹೊತ್ತು ಮುಳುಗ್ತು" ಎಂದರು. ಅಷ್ಟು ಹೇಳಿ, "ಕಾಲು ತೊಳ್ಕೊ, ನಾಳೆ ಬೆಳಿಗ್ಗೆ ಬೇಗ ದೋಸೆ ಹುಯ್ತೀನಿ" ಎಂದು ಒಳಗೆ ಹೋದರು. ಅವರಿಗೆ ಆಗ ಅರವತ್ತೈದು ದಾಟಿತ್ತು.

ಊರಿಗೆ ಹೇಗೆ ಗೊತ್ತಾಯಿತೋ ಕಾಣೆ. ಎರಡು ಮನೆ ಆಚೆ ಇದ್ದ ಪೋಸ್ಟ್ ಮಾಸ್ತರರ ಹೆಂಡತಿ ಶಾರದಮ್ಮ ಪ್ರತಿ ಶುಕ್ರವಾರ ಬೆಳಿಗ್ಗೆ ಬಂದು ದೇವರಿಗೆಂದು ಎರಡು ಗುಲಾಬಿ ಒಯ್ಯುತ್ತಿದ್ದರು. ಒಂದು ಶುಕ್ರವಾರ ಬರಲಿಲ್ಲ. ಮುಂದಿನ ಶುಕ್ರವಾರವೂ ಬರಲಿಲ್ಲ. ಗಿಡದ ತುಂಬ ಹೂವಿತ್ತು. ಅವರು ನಮ್ಮ ಮನೆಯ ಮುಂದೆಯೇ ಬರಿಗೈಯಲ್ಲಿ ಹಾದುಹೋದಾಗ ನನಗೆ ಗೊತ್ತಾಯಿತು.

ಹಿಂದಿನ ವರ್ಷ ಕಡ್ಡಿ ನೆಟ್ಟು ಬೇರು ಬರಿಸಿ ಅವರಿಗೊಂದು ಡಬ್ಬ ಗಿಡ ಕೊಟ್ಟಿದ್ದೆ. ಒಂದು ಮಧ್ಯಾಹ್ನ ಅದನ್ನು ತಂದು ನಮ್ಮ ಬೇಲಿಯ ದಣಪೆಯ ಹತ್ತಿರ ಇಟ್ಟು ತಿರುಗಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅತ್ತೆ ಹೊರಗಿದ್ದರು.

"ಶಾರದಮ್ಮ" ಎಂದು ಕೂಗಿದರು.

ಶಾರದಮ್ಮ ನಿಂತರು. "ತಪ್ಪು ತಿಳ್ಕೋಬೇಡಿ ಅಮ್ಮಾ. ಮನೇಲಿ ಮಕ್ಕಳಿದಾವೆ. ಅವರು ಇಟ್ಕೊಳೋದು ಬೇಡ ಅಂದ್ರು."

"ಸರಿ, ನಿಮ್ಮ ಮಕ್ಕಳು ನಿಮಗೆ. ಗಿಡ ಒಣಗಿದೆಯಲ್ಲ, ಎಷ್ಟು ದಿನದಿಂದ ನೀರು ಹಾಕಿಲ್ಲ? ನಮ್ಮನ್ನ ಕಂಡ್ರೆ ಹೆದರಿಕೆ ಅಂದ್ರೆ ಗಿಡಕ್ಕೆ ಯಾಕೆ ನೀರು ನಿಲ್ಸಿದ್ರಿ?"

ಶಾರದಮ್ಮನ ಮುಖ ಸಣ್ಣದಾಯಿತು. ಬೇಗ ಬೇಗ ಹೊರಟುಹೋದರು.

ಆ ಗಿಡವನ್ನು ಉಳಿಸಲು ನಾನು ಒಂದು ತಿಂಗಳು ಹೆಣಗಿದೆ. ಕೈಗೆ ಹಳೆ ಪಂಚೆಯ ತುಂಡು ಸುತ್ತಿಕೊಂಡು ಒಣಗಿದ ಕಡ್ಡಿ ತೆಗೆದೆ. ನೆರಳಿಗಿಟ್ಟೆ, ದಿನವೂ ಸ್ವಲ್ಪ ಸ್ವಲ್ಪ ನೀರು ಕೊಟ್ಟೆ. ಒಂದು ಕಡೆ ಕೆಂಪು ಚಿಗುರು ಕಂಡ ದಿನ ನಾಲ್ಕು ಸಲ ಹೋಗಿ ನೋಡಿದೆ. ಈ ಗಿಡ ಬದುಕಿದರೆ ನಾನೂ ಬದುಕುತ್ತೇನೆ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಯಾರಿಗೂ ಹೇಳಿರಲಿಲ್ಲ. ಹತ್ತು ದಿನಕ್ಕೆ ಆ ಚಿಗುರು ಕಪ್ಪಾಯಿತು. ಬುಡ ಹಿಡಿದು ಅಲ್ಲಾಡಿಸಿದರೆ ಗಿಡ ಕೈಗೇ ಬಂತು, ಬೇರೆಲ್ಲ ಕೊಳೆತಿತ್ತು.

ನಾನು ಡಬ್ಬದ ಮುಂದೆ ಕೂತು ಅತ್ತುಬಿಟ್ಟೆ. ಅತ್ತೆ ಹತ್ತಿರ ಬಂದು ನೋಡಿದರು. ನನ್ನ ಲೆಕ್ಕ ಅವರಿಗೆ ಹೇಗೋ ತಿಳಿದಿತ್ತು ಎಂದು ಕಾಣುತ್ತದೆ. "ಗಿಡ ಗಿಡವೇ, ನೀನು ನೀನೇ. ಅದಕ್ಕೂ ನಿಂಗೂ ಗಂಟು ಹಾಕ್ಬೇಡ" ಎಂದರು. ಆಮೇಲೆ ಮಣ್ಣನ್ನು ಬಿಸಿಲಿಗೆ ಹರಡಿ, "ಕೈ ನೋಡ್ಕೊಂಡ್ಯಾ?" ಎಂದು ಕೇಳಿದರು. ನೋಡಿಕೊಂಡಿರಲಿಲ್ಲ. ಕಿರುಬೆರಳಿನಲ್ಲಿ ಎರಡು ಮುಳ್ಳುಗಳಿದ್ದವು. ಅವರೇ ಎದುರಿಗೆ ಕೂತು, ಮುಟ್ಟದೆ, ಎಲ್ಲಿವೆ ಎಂದು ತೋರಿಸಿದರು, ನಾನು ತೆಗೆದೆ.

ಆ ಗಿಡ ಸತ್ತಿತು, ನಾನು ಸಾಯಲಿಲ್ಲ. ಮಚ್ಚೆ ಬೆಳೆಯುವುದು ನಿಂತಿತು. ಆದರೆ ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ವಿಮಲಳ ಕೆನ್ನೆಯ ಮೇಲೆ ಒಂದು ಬಿಳಿಚು ಕಲೆ ಕಾಣಿಸಿತು.

ಮೊದಲು ನೋಡಿದ್ದು ನಾನು. ಅವಳು ಕುಂಡಗಳ ಸಾಲಿನ ಆ ಕಡೆ, ನಾನು ಈ ಕಡೆ. ದಿನವೂ ಹಾಗೆ ಕೂತೇ ನಾವು ಮಾತಾಡುತ್ತಿದ್ದದ್ದು. ಯಾವ ಮೊಗ್ಗು ನಾಳೆ ಅರಳುತ್ತದೆ ಎಂದು ಅವಳು ಬಗ್ಗಿ ನೋಡುತ್ತಿದ್ದಳು. ಬಿಸಿಲು ಕೆನ್ನೆಗೆ ಬಿತ್ತು. ನಾನು ಎದ್ದು ಅತ್ತೆಯನ್ನು ಕರೆದೆ.

ಗುರುವಾರಕ್ಕೆ ಇನ್ನೂ ನಾಲ್ಕು ದಿನಗಳಿದ್ದವು. ಆ ನಾಲ್ಕು ದಿನ ನಮ್ಮ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಡುಗೆಯಾಗುತ್ತಿತ್ತು, ಯಾರೂ ಸರಿಯಾಗಿ ಉಣ್ಣುತ್ತಿರಲಿಲ್ಲ. ನಮ್ಮ ಮನೆಯವರು ಶಾಲೆಯಿಂದ ಬಂದವರು ಮಗುವನ್ನು ಬೆಳಕಿಗೆ ನಿಲ್ಲಿಸಿ ನೋಡುತ್ತಿದ್ದರು, ಮತ್ತೆ ನೋಡುತ್ತಿದ್ದರು. ನನಗೆ ಸೂಜಿಯ ನೆನಪು ಬಂತು. ಮಗುವಿಗೆ ಹಾಗೆ ಮಾಡಲು ಮನಸ್ಸಾಗಲಿಲ್ಲ.

ಆ ಸಲ ಅತ್ತೆಯೂ ಬಂದರು. ಬಸ್ಸಿನಲ್ಲಿ ಮಗು ಅವರ ತೊಡೆಯ ಮೇಲೆ, ನಾನು ಹಿಂದಿನ ಸೀಟಿನಲ್ಲಿ.

ಡಾಕ್ಟರು ವಿಮಲಳನ್ನು ಸ್ಟೂಲಿನ ಮೇಲೆ ಕೂರಿಸಿ ಗರಿ ತೋರಿಸಿದರು. "ಆಟ ಆಡೋಣ. ಕಣ್ಣು ಮುಚ್ಕೋ. ಮುಟ್ಟಿದ ಕಡೆ 'ಇಲ್ಲಿ' ಅನ್ಬೇಕು."

ಅತ್ತೆ ಅವಳ ಕಣ್ಣಿಗೆ ಅಂಗೈ ಮುಚ್ಚಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

ಕೈಗೆ ಮುಟ್ಟಿದರು. "ಇಲ್ಲಿ!" ಮೊಣಕಾಲಿಗೆ. "ಇಲ್ಲಿ!" ಬೆನ್ನಿಗೆ. ನಕ್ಕಳು. "ಇಲ್ಲಿ, ಕಚಗುಳಿ!" ಆಮೇಲೆ ಗರಿ ಕೆನ್ನೆಯ ಕಲೆಯ ಮೇಲೆ ಬಂತು. ಬಂದದ್ದು ನನಗೆ ಕಾಣುತ್ತಿತ್ತು. ವಿಮಲ ಸುಮ್ಮನೆ ಕೂತಿದ್ದಳು. ಡಾಕ್ಟರು ಗರಿ ತೆಗೆದು ಮತ್ತೆ ಇಟ್ಟರು. ಅವಳು ಬಾಯಿ ಬಿಡಲಿಲ್ಲ. ನಮ್ಮ ಮನೆಯವರು ಗೋಡೆಯ ಕಡೆ ತಿರುಗಿದರು. ಮೂರನೆಯ ಸಲ ಗರಿ ಕಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಮಗು ಕಲ್ಲಿನಂತೆ ಕೂತಿತ್ತು.

"ಪುಟ್ಟಿ, ಗೊತ್ತಾಗ್ತಿಲ್ವಾ?" ಎಂದು ಡಾಕ್ಟರು ಮೆಲ್ಲಗೆ ಕೇಳಿದರು.

"ಗೊತ್ತಾಗ್ತಿದೆ."

"ಮತ್ತೆ ಯಾಕೆ ಹೇಳಲ್ಲ?"

"ಡಾಕ್ಟ್ರು ಕೆನ್ನೆ ಮುಟ್ಟಿದ್ರೆ ಅಲ್ಲಾಡ್ಬಾರ್ದು, ಮಾತಾಡ್ಬಾರ್ದು ಅಂತ ಅಜ್ಜಿ ಬಸ್ಸಲ್ಲಿ ಹೇಳಿದಾರೆ."

ಅತ್ತೆ ಇನ್ನೊಂದು ಕೈಯಿಂದ ತಮ್ಮ ಬಾಯಿ ಮುಚ್ಚಿಕೊಂಡರು. ಡಾಕ್ಟರು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. "ಈಗ ಅಜ್ಜಿ ಮಾತು ಬಿಡು, ನನ್ನ ಮಾತು ಕೇಳು" ಎಂದು ಮೊದಲಿನಿಂದ ಮಾಡಿದರು. ಕಲೆಯ ಮೇಲೆ, ಪಕ್ಕದಲ್ಲಿ, ಮತ್ತೆ ಮೇಲೆ. "ಇಲ್ಲಿ. ಇಲ್ಲಿ. ಇಲ್ಲಿ." ಬಿಸಿನೀರು, ತಣ್ಣೀರು ಎರಡನ್ನೂ ಗಾಜಿನ ಕೊಳವೆಯಲ್ಲಿ ಇಟ್ಟು ಕೇಳಿದರು. ಒಂದೂ ತಪ್ಪಲಿಲ್ಲ.

"ಇದು ಅದಲ್ಲ" ಎಂದರು. "ಮಕ್ಕಳಿಗೆ ಹೀಗೆ ಬರುತ್ತೆ. ಹೊಟ್ಟೇಲಿ ಹುಳ ಇರ್ಬೇಕು, ಅದಕ್ಕೆ ಮದ್ದು ಕೊಡ್ತೀನಿ."

ಹುಳಕ್ಕೆ ಮದ್ದು ಎಂದಾಗ ಅತ್ತೆ ಒಂದು ಗಳಿಗೆ ತಡೆದರು. ಆಮೇಲೆ, "ಕೊಡಿ, ಕೊಡಿ" ಎಂದರು.

ನಾನು ಹೊರಗೆ ಹೋಗಿ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಯಾರೋ ನನಗೆ ಏನಾಗಿದೆ ಎಂದು ಕೇಳಿದರು. ಆ ದಿನ ಮೊದಲ ಸಲ ಹೆಸರು ಹಿಡಿದು ನಿಜ ಹೇಳಿದೆ. ಅವರು ಎದ್ದು ಬೇರೆ ಕಡೆ ಹೋಗಿ ಕೂತರು. ಹೋಗಲಿ ಎನಿಸಿತು.

ಅದಾದ ಮೇಲೂ ಐದು ತಿಂಗಳು ಸೂಜಿ ಮದ್ದು ನಡೆಯಿತು. ಕಿವಿಯ ತುದಿಯಿಂದ ಚರ್ಮ ಕೆರೆದು ಪರೀಕ್ಷೆಗೆ ಕಳಿಸಿದರು, ಮತ್ತೆ ಕಳಿಸಿದರು. ಕೊನೆಗೊಂದು ಗುರುವಾರ ಡಾಕ್ಟರು ಕಾಗದ ನೋಡಿ ಮಡಿಚಿ, "ಇನ್ನು ತಿಂಗಳಿಗೊಮ್ಮೆ ಬಂದು ತೋರಿಸಿ ಸಾಕು. ಮಗಳನ್ನ ಹತ್ತಿರ ಸೇರಿಸ್ಕೊಳಿ" ಎಂದರು. ಎರಡು ಬೆರಳುಗಳಿಗೆ ಸ್ಪರ್ಶ ತಿರುಗಿ ಬರಲಿಲ್ಲ. ಕಿರುಬೆರಳು ಬಾಗಿಯೇ ಉಳಿಯಿತು, ಈಗಲೂ ಹಾಗೆಯೇ ಇದೆ. ಗುಲಾಬಿಯ ಕೆಲಸ ಮುಗಿದ ಮೇಲೆ ಈಗಲೂ ಬೆಳಕಿಗೆ ಕೂತು ಹತ್ತು ಬೆರಳೂ ನೋಡಿಕೊಳ್ಳುತ್ತೇನೆ. ಶಾರದಮ್ಮ ಮತ್ತೆ ಹೂವಿಗೆ ಬರಲಿಲ್ಲ. ಗಂಡನಿಗೆ ವರ್ಗವಾಗಿ ಊರು ಬಿಟ್ಟು ಹೋದರು.

ಡಾಕ್ಟರು ಹಾಗೆಂದ ಮಾರನೆಯ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದೆ. ವಿಮಲ ಆಗ ಒಂದನೆಯ ತರಗತಿ. ಅತ್ತೆ ಅವಳ ತಲೆಗೆ ಎಣ್ಣೆ ಹಚ್ಚಿ ಬಾಚಿ, ಬಾಚಣಿಗೆಯನ್ನೂ ಟೇಪನ್ನೂ ತಂದು ನನ್ನ ಪಕ್ಕದಲ್ಲಿಟ್ಟರು. "ನಂಗೆ ಒಲೆ ನೋಡ್ಬೇಕು. ಜಡೆ ಹಾಕ್ಕೊಡು" ಎಂದು ನನ್ನನ್ನು ಮಣೆಯ ಮೇಲೆ ಕೂರಿಸಿದರು.

ಮಗು ಬಂದು ನನ್ನ ಕಾಲುಗಳ ನಡುವೆ ಬೆನ್ನು ಮಾಡಿ ಕೂತಿತು. ಒಂದೂವರೆ ವರ್ಷದ ಮೇಲೆ ನಾನು ಅವಳನ್ನು ಮುಟ್ಟುತ್ತಿದ್ದೆ. ಕೂದಲು ಬಲಗೈಗೆ ಗೊತ್ತಾಗುತ್ತಿತ್ತು, ಎಡಗೈಯ ಎರಡು ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಮೂರು ಎಳೆಗಳಲ್ಲಿ ಒಂದು ಜಾರಿ ಜಾರಿ ಹೋಗುತ್ತಿತ್ತು. ಬಿಚ್ಚಿ ಮತ್ತೆ ಹೆಣೆದೆ, ಮತ್ತೆ ಬಿಚ್ಚಿದೆ. ಕಡೆಗೆ ಹೆಣೆದು ಕಟ್ಟಿದ್ದು ಒಂದು ಕಡೆ ಉಬ್ಬಿ ಒಂದು ಕಡೆ ಸಡಿಲವಾಗಿ ಕಿವಿಯ ಕಡೆಗೆ ವಾಲಿತ್ತು.

ಅತ್ತೆ ತಿರುಗಿ ನೋಡಿ, "ಬಾ ಇಲ್ಲಿ, ಸರಿ ಮಾಡ್ತೀನಿ" ಎಂದರು.

ವಿಮಲ ಎರಡೂ ಕೈಯಿಂದ ಜಡೆ ಹಿಡಿದುಕೊಂಡಳು. "ಬೇಡ. ಮುಟ್ಬೇಡಿ ಅಜ್ಜಿ, ಅಮ್ಮ ಹಾಕಿದ್ದು" ಎಂದು ಸ್ಲೇಟು ತೆಗೆದುಕೊಂಡು ಹಾಗೆಯೇ ಶಾಲೆಗೆ ಓಡಿದಳು.